ವಾಹನ ಪ್ರಶ್ನೋತ್ತರ: ಹಳೆಯ ಎಂಜಿಬಿಯ ಏರ್ ಪಂಪ್ ಕಿತ್ತುಹಾಕಬಹುದೇ?

ಪ್ರಶ್ನೆ: ನನ್ನಲ್ಲಿ 1970ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. ಅಮೆರಿಕಕ್ಕೆಂದು ತಯಾರಾದ, ಎಡಬದಿ ಸ್ಟೀರಿಂಗಿನ ಕಾರು. ಎಂಜಿನ್ ಮುಂದಿರುವ ಏರ್ ಪಂಪ್ ಕಿರುಗುಟ್ಟುತ್ತಿದೆ. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸೈಲೆನ್ಸರಿನಲ್ಲಿ ಪಟಾಕಿ ಸಿಡಿದ ಹಾಗೆ ಸದ್ದು. ಪಂಪ್, ಪೈಪು ಎಲ್ಲ ತೆಗೆದರೆ ಸದ್ದೂ ಹೋಗುತ್ತದೆ, ಪವರ್ ಕೂಡ ಹೆಚ್ಚುತ್ತದೆ ಎನ್ನುತ್ತಾರೆ. ಹೌದೇ?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಪವರ್ ಆಸೆ ಬಿಡಿ. ಪಂಪ್ ತಿರುಗಿಸಲು ಎಂಜಿನ್ ತೆರುವ ಶಕ್ತಿ ನಿಮ್ಮ ಕಾಲಿಗೆ ಗೊತ್ತಾಗುವಷ್ಟಿಲ್ಲ. ಎಕ್ಸಾಸ್ಟ್ ಪೋರ್ಟಿನಲ್ಲಿ ಹೊರಬರುವ ಬಿಸಿ ಹೊಗೆಗೆ ಗಾಳಿ ಊದಿ, ಉರಿಯದೆ ಉಳಿದ ಪೆಟ್ರೋಲ್ ಆವಿಯನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಅಲ್ಲೇ ಸುಡುವುದು ಈ ಪಂಪಿನ ಕೆಲಸ. ಸಿಲಿಂಡರಿನ ಒಳಗಿನ ದಹನಕ್ಕೂ ಅದಕ್ಕೂ ಸಂಬಂಧವಿಲ್ಲ.

ಪಟಾಕಿ ಸದ್ದಿಗೆ ಮೊದಲು ಅನುಮಾನಿಸಬೇಕಾದ್ದು ಗಲ್ಪ್ ವಾಲ್ವ್ ಅನ್ನು. ಥ್ರಾಟಲ್ ತಟ್ಟನೆ ಮುಚ್ಚಿದಾಗ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ, ಅದು ಉರಿಯದೆ ಸೈಲೆನ್ಸರಿಗೆ ಬಂದು ಪಂಪಿನ ಗಾಳಿ ಸೇರಿ ಸಿಡಿಯುತ್ತದೆ. ಹಾಗಾಗದಿರಲೆಂದು ಗಲ್ಪ್ ವಾಲ್ವ್ ಆ ಕ್ಷಣದಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಒಂದು ಗುಟುಕು ಗಾಳಿ ಬಿಡುತ್ತದೆ. ಪರೀಕ್ಷೆ ಸುಲಭ. ಪಂಪಿನಿಂದ ಈ ವಾಲ್ವಿಗೆ ಬರುವ ಹೋಸನ್ನು ಪಂಪ್ ತುದಿಯಲ್ಲಿ ಬಿಚ್ಚಿ ಬೆರಳು ಹಿಡಿಯಿರಿ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಎಳೆತ ಇರಲೇಬಾರದು. ಇದ್ದರೆ ವಾಲ್ವ್ ಸೋರುತ್ತಿದೆ. ಥ್ರಾಟಲ್ ಒಮ್ಮೆ ಎತ್ತಿ ಬಿಟ್ಟಾಗ ಮಾತ್ರ ಬೆರಳನ್ನು ಸೆಳೆಯಬೇಕು. ಸೆಳೆಯದಿದ್ದರೆ ಒಳಗಿನ ಡಯಾಫ್ರಂ ಹರಿದಿದೆ, ಇಲ್ಲವೇ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ವ್ಯಾಕ್ಯೂಮ್ ಹೋಸ್ ಬಿರುಕು ಬಿಟ್ಟಿದೆ.

ಮುಂದಿನದು ಚೆಕ್ ವಾಲ್ವ್, ಅಂದರೆ ಪಂಪಿನ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ನಮ್ಮ ಕರಾವಳಿಯಲ್ಲಿ ಇದಕ್ಕೆ ಒಳಗಿನಿಂದ ಹೊಗೆಯ ಶಾಖ, ಹೊರಗಿನಿಂದ ಉಪ್ಪುಗಾಳಿ. ಕೆಟ್ಟರೆ ಬಿಸಿ ಹೊಗೆ ಹಿಂದಕ್ಕೆ ಹರಿದು ಹೋಸು, ಪಂಪು ಎರಡನ್ನೂ ತಿನ್ನುತ್ತದೆ. ಬಿಚ್ಚುವಾಗ ಏರ್ ರೈಲಿನ (ಸಿಲಿಂಡರ್ ಹೆಡ್‌ಗೆ ಗಾಳಿ ಹಂಚುವ ಪೈಪು) ಷಟ್ಕೋನದ ಭಾಗವನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಭದ್ರವಾಗಿ ಹಿಡಿದುಕೊಳ್ಳಿ. ಇಲ್ಲವಾದರೆ ತುಕ್ಕು ಹಿಡಿದ ಪೈಪು ತಿರುಚಿ ತುಂಡಾಗುತ್ತದೆ. ಬಾಯಿಯಿಂದ ಊದಿ ನೋಡಿ: ಪಂಪಿನ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಹೆಡ್ ಕಡೆಯಿಂದ ಊದಿದರೆ ಹೋಗಬಾರದು. ಕಂಪ್ರೆಸರ್ ಗಾಳಿ ಬಿಟ್ಟು ಪರೀಕ್ಷಿಸಿದರೆ ಸರಿಯಿರುವ ವಾಲ್ವೂ ಹಾಳಾಗುತ್ತದೆ.

ಕಿರುಗುಟ್ಟುವ ಸದ್ದು ಬರೀ ಬೆಲ್ಟಿನದ್ದೂ ಇರಬಹುದು. ಪಂಪಿನ ಬೆಲ್ಟ್ ತೆಗೆದು ಒಂದು ನಿಮಿಷ ಎಂಜಿನ್ ಓಡಿಸಿ. ವಾಟರ್ ಪಂಪಿನ ಬೆಲ್ಟ್ ಬೇರೆಯೇ ಆದ್ದರಿಂದ ತೊಂದರೆಯಿಲ್ಲ. ಸದ್ದು ನಿಂತರೆ ಕೈಯಲ್ಲಿ ಪಂಪ್ ತಿರುಗಿಸಿ, ಬೇರಿಂಗ್ ಒರಟಾಗಿದೆಯೇ ನೋಡಿ. ಪಂಪಿನೊಳಗೆ ಎಣ್ಣೆ ಬಿಡುವ ತಪ್ಪು ಮಾಡಬೇಡಿ. ಬೆಲ್ಟ್ ಮರಳಿ ಹಾಕುವಾಗ ನಡುವೆ ಒತ್ತಿದರೆ ಸುಮಾರು 12 ಮಿ.ಮೀ. ತಗ್ಗಬೇಕು.

ಇಷ್ಟಾದ ಮೇಲೂ ತೆಗೆಯುವುದೇ ಎಂದಾದರೆ ಎಂಜಿನ್ ತಡೆದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಮಾರಾಟವಾದ ಎಂಜಿಬಿಗೆ ಈ ಪಂಪ್ ಇರಲೇ ಇಲ್ಲ. ಆದರೆ ಕಾನೂನು ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳನ್ನು ಬದಲಿಸದಂತೆ ತಡೆಯುತ್ತದೆ. 2021ರ ವಿಂಟೇಜ್ ನಿಯಮದಡಿ ನೋಂದಣಿಯಾಗಲು 50 ವರ್ಷ ಮೀರಿದ ಕಾರು ಮೂಲರೂಪದಲ್ಲೇ ಇರಬೇಕು. ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ತೆಗೆದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ಇಡಿ. ಗುಜರಿಗೆ ಹೋದ ಏರ್ ರೈಲ್ ಮತ್ತೆ ಸಿಗುವುದು ಬಹಳ ಕಷ್ಟ.

ತೆಗೆಯುವ ಹಿಂದಿನ ರಾತ್ರಿಯೇ ಏರ್ ರೈಲಿನ ನಾಲ್ಕು ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ತೆಗೆದ ಮೇಲೆ ಹೆಡ್‌ನಲ್ಲಿ ಉಳಿಯುವ ತೂತುಗಳ ಥ್ರೆಡ್ 7/16 ಇಂಚು ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್), ಇಂಚಿಗೆ 20 ಸುತ್ತು. ಇವನ್ನು ಬೋಲ್ಟಿನಿಂದ ಮುಚ್ಚಬೇಕು. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಹತ್ತಿರದ ಸೈಜ್’ ಎಂದು ಮಿಲಿಮೀಟರ್ ಬೋಲ್ಟ್ ಕೊಟ್ಟರೆ ತರಬೇಡಿ. ಒತ್ತಾಯದಿಂದ ತಿರುಗಿಸಿದರೆ ಥ್ರೆಡ್ ಹೋಗಿ ಹೆಡ್ಡೇ ಇಳಿಸಬೇಕಾಗುತ್ತದೆ. ಸರಿಯಾದ ಅಳತೆಯ ಉಕ್ಕಿನ ಬೋಲ್ಟ್ ಸಿಕ್ಕರೆ, ಪೋರ್ಟಿನೊಳಕ್ಕೆ ಚಾಚದಷ್ಟು ಗಿಡ್ಡವಾಗಿ ಲೇತಿನಲ್ಲಿ ಕತ್ತರಿಸಿ. ಥ್ರೆಡ್ಡಿಗೆ ಶಾಖ ತಡೆಯುವ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿ. ಟೆಫ್ಲಾನ್ ಟೇಪ್ ಅಲ್ಲಿ ಸುಟ್ಟುಹೋಗುತ್ತದೆ. ಗಲ್ಪ್ ವಾಲ್ವಿನ ದಪ್ಪ ಹೋಸ್, ಸಣ್ಣ ಹೋಸ್ ಎರಡೂ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ ಜಾಗಗಳನ್ನು ಲೋಹದ ಪ್ಲಗ್ಗಿನಿಂದಲೇ ಮುಚ್ಚಿ. ರಬ್ಬರ್ ಟೋಪಿ ಶಾಖಕ್ಕೆ ಬಿರಿದು ಗಾಳಿ ಸೋರಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ.

ಬಹಳ ಮಂದಿ ಎಡವುವುದು ಪಿಯುಸಿಯಲ್ಲಿ, ಅಂದರೆ ಹೊಗೆ ತಪಾಸಣೆಯಲ್ಲಿ. ಪಂಪಿನ ತಾಜಾ ಗಾಳಿ ಸೈಲೆನ್ಸರಿನ ಹೊಗೆಯನ್ನು ತೆಳು ಮಾಡುತ್ತದೆ, ಹೀಗಾಗಿ ಕಾರ್ಬ್ಯುರೇಟರ್ ತಪ್ಪಿದ್ದರೂ ಅಂಕಿ ಚೆನ್ನಾಗಿಯೇ ಬರುತ್ತದೆ. ಪಂಪ್ ತೆಗೆದ ದಿನ ನಿಜಸ್ಥಿತಿ ಬಯಲಾಗುತ್ತದೆ. ನಿಮ್ಮ ಕಾಲದ ಕಾರಿಗೆ ಮಿತಿ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ. ಎಂಜಿನ್ ಬಿಸಿಯಾದ ಮೇಲೆ ಎರಡೂ ಎಸ್‌ಯು ಕಾರ್ಬ್ಯುರೇಟರಿನ ಜೆಟ್ ನಟ್ಟನ್ನು ಒಂದೊಂದೇ ಮುಖದಷ್ಟು ತಿರುಗಿಸಿ ಹೊಂದಿಸಿ. ಪಕ್ಕದ ಪಿನ್ನಿನಿಂದ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿದಾಗ ವೇಗ ಏರಿ ಏರಿಯೇ ಉಳಿದರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಸಾಯುವಂತಾದರೆ ಕಡಿಮೆ, ಕ್ಷಣ ಏರಿ ಇಳಿದರೆ ಸರಿ.

ನನ್ನನ್ನು ಕೇಳಿದರೆ, ಗಲ್ಪ್ ವಾಲ್ವ್ ಬದಲಿಸಿ ಪಂಪ್ ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ 2005ರ ಆಮದು ಸ್ಪೋರ್ಟ್ಸ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ, ಪಿ0410 ಕೋಡ್ (ಏರ್ ಪಂಪ್ ವ್ಯವಸ್ಥೆಯ ದೋಷ). ಏರ್ ಪಂಪನ್ನು ಸಾಫ್ಟ್‌ವೇರಿನಲ್ಲೇ ತೆಗೆಸಲೇ?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಬೇಡ. ನಿಮ್ಮದು ಎಲೆಕ್ಟ್ರಿಕ್ ಪಂಪ್. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಮಾತ್ರ ಓಡಿ ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಬಿಸಿ ಮಾಡುತ್ತದೆ. ಆಮೇಲೆ ಅದು ಎಂಜಿನ್ನಿನ ಪವರ್ ಕಸಿಯುವುದಿಲ್ಲ. ಬೆಳಗ್ಗೆ ಚಾಲೂ ಮಾಡಿ ಕಿವಿಗೊಡಿ: ಹೇರ್ ಡ್ರೈಯರಿನಂಥ ಸದ್ದು ಕೇಳದಿದ್ದರೆ ಫ್ಯೂಸ್, ರಿಲೇ, ಬಳಿಕ ಪಂಪಿನ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದೆಯೇ ನೋಡಿ. ಮಳೆಗಾಲದ ನೀರಿಗೆ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿರುವುದು ಇಲ್ಲಿ ಸಾಮಾನ್ಯ. ಸದ್ದು ಇದ್ದೂ ಕೋಡ್ ಬಂದರೆ ವ್ಯಾಕ್ಯೂಮ್ ಹೋಸ್, ಚೆಕ್ ವಾಲ್ವ್, ಇಂಗಾಲ ಕಟ್ಟಿದ ಗಾಳಿ ದಾರಿ, ಈ ಕ್ರಮದಲ್ಲಿ ಹುಡುಕಿ. ಹೊಸ ಪಂಪ್ ಹಾಕುವ ಮೊದಲು ಚೆಕ್ ವಾಲ್ವ್ ಖಾತ್ರಿ ಮಾಡಿಕೊಳ್ಳಿ. ಅದು ಸೋರುತ್ತಿದ್ದರೆ ಹೊಗೆಯ ತೇವ ಹೊಸ ಪಂಪನ್ನೂ ಕೆಡಿಸುತ್ತದೆ.