ಹಸೆಗೋಡೆ ಮುಂದೆ ಕೂತವರ ಆಲ್ಬಂ ಕೇಳಿ

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: “ತೀರಿಕೊಂಡ ನಮ್ಮ ದೊಡ್ಡಮ್ಮನ ಬಗ್ಗೆ ಕಳಿಸಿದ ಲೇಖನವನ್ನು ನೀವು ಹಾಕಲಿಲ್ಲ. ಊರಿಗೆಲ್ಲ ಬೇಕಾಗಿದ್ದವಳು. ಬರುವ ಭೂಮಿ ಹುಣ್ಣಿಮೆಗೆ ನಾವೇ ಒಂದು ಸಣ್ಣ ಪುಸ್ತಕ ಮಾಡಿಸುವ ಅಂತಿದ್ದೇವೆ. ಆದರೆ ಅವಳದ್ದು ಅಂತ ಇರುವುದು ಒಂದೇ ಫೋಟೊ. ಪುಟ ತುಂಬಿಸುವುದು ಹೇಗೆ?”

ಸಂಪಾದಕರ ಉತ್ತರ:

ಮೊದಲು ಲೇಖನದ ವಿಷಯ. ಎರಡು ಪುಟದಲ್ಲಿ ‘ಮಮತಾಮಯಿ’ ನಾಲ್ಕು ಸಲ, ‘ಪರೋಪಕಾರಿ’ ಮೂರು ಸಲ ಬಂದಿತ್ತು. ಸುಳ್ಳು ಅಂತಲ್ಲ. ಹೆಸರೊಂದು ಬದಲಿಸಿದರೆ ಅದು ಯಾವ ಊರಿನ ಯಾವ ದೊಡ್ಡಮ್ಮನಿಗೂ ಆಗುತ್ತದೆ, ಅಷ್ಟೇ. ಕೊನೆಗೊಂದು ಸಾಲಿತ್ತು: ‘ಯಾರ ಮನೇಲಿ ಮದುವೆಯಾದರೂ ಹಸೆ ಬರೆಯೋಕೆ ಮೂರು ದಿನ ಮೊದಲೇ ಹೋಗುತ್ತಿದ್ದಳು.’ ಪುಸ್ತಕ ಶುರುವಾಗಬೇಕಾದ್ದು ಅಲ್ಲಿಂದ.

ಹಸೆ ಅಂದರೆ ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ತಾರ. ಅದಕ್ಕೆ ಮೂರು ದಿನ ಏಕೆ ಅನ್ನುವುದು ಮಲೆನಾಡಿನ ದೀವರ ಸಮುದಾಯದ ನಿಮಗೆ ಗೊತ್ತು, ಎಲ್ಲ ಓದುಗರಿಗೆ ಗೊತ್ತಿರುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆ ಪೂರಾ ಆರಬೇಕು. ಹಸಿ ಇದ್ದರೆ ಬಿಳಿ ಎಳೆ ಹರಡಿ ಕೆಂಪಾಗುತ್ತದೆ. ಬಿಳಿಗೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆಯಬೇಕು; ತರಿ ಉಳಿದರೆ ಪುಂಡಿನಾರಿನ ಕುಂಚದ ತುದಿಗೆ ಸಿಕ್ಕಿ ಎಳೆ ನಡುವೆಯೇ ತುಂಡಾಗುತ್ತದೆ. ಹಿಟ್ಟು ಗಟ್ಟಿಯಾದರೆ ಒಣಗಿ ಉದುರುತ್ತದೆ, ನೀರಾದರೆ ಮಸುಕಾಗುತ್ತದೆ. ಕಪ್ಪಿಗೆ ಅಕ್ಕಿಯನ್ನು ಕರಕಾಗುವಷ್ಟು ಹುರಿದು ಅರೆಯಬೇಕು, ಹಳದಿಗೆ ಗುರಿಗೆ ಕಾಯಿ. ಮದುವೆ ಮನೆಯ ಗದ್ದಲದಲ್ಲಿ ಇಷ್ಟನ್ನೂ ಮಾಡಿ, ಕೈ ನಡುಗದಂತೆ ಎಳೆ ಎಳೆಯಬೇಕು. ‘ಪರೋಪಕಾರಿ’ ಅನ್ನುವ ಬದಲು ಇದನ್ನು ಬರೆಯಿರಿ.

ಇನ್ನು ಫೋಟೊ. ದೊಡ್ಡಮ್ಮನ ಫೋಟೊ ಒಂದೇ ಇರಬಹುದು, ಅವರ ಕೆಲಸದ್ದು ಹತ್ತಾರು ಇರುತ್ತವೆ. ಗೋಡೆಗೆ ಯಾವಾಗಲೋ ಸುಣ್ಣ ಬಿದ್ದಿರುತ್ತದೆ, ಇಲ್ಲವೇ ಮನೆಯೇ ಬಿದ್ದು ಸಿಮೆಂಟಿನದ್ದು ಎದ್ದಿರುತ್ತದೆ. ಆದರೆ ಮದುಮಕ್ಕಳನ್ನು ಕೂರಿಸಿದ್ದು ಆ ಹಸೆಯ ಮುಂದೆಯೇ. ಊರವರ ಮದುವೆ ಆಲ್ಬಂ ತೆಗೆಸಿ, ಬಾಸಿಂಗದ ಹಿಂದೆ, ನೆಂಟರ ಹೆಗಲ ಸಂದಿಯಲ್ಲಿ ನೋಡಿ. ತಾರೀಕಿಗೆ ಅದೇ ಮನೆಯ ಲಗ್ನಪತ್ರಿಕೆ ಕೇಳಿ. ಟ್ರಂಕಿನ ತಳದಲ್ಲಿ ಒಂದಾದರೂ ಸಿಗುತ್ತದೆ. ವರ್ಷದ ಪ್ರಕಾರ ಜೋಡಿಸಿದರೆ ಅವರ ಕೈ ಹೇಗೆ ಪಳಗಿತು ಅನ್ನುವುದು ತಾನೇ ಕಾಣುತ್ತದೆ.

ಈ ಕೆಲಸ ಮಳೆ ಹಿಡಿಯುವ ಮೊದಲೇ ಆಗಲಿ. ನಮ್ಮ ಕಡೆಯ ಥಂಡಿಗೆ ಫೋಟೊ ಗಾಜಿಗೋ ಪ್ಲಾಸ್ಟಿಕ್ ಹಾಳೆಗೋ ಕಚ್ಚಿಕೊಂಡಿರುತ್ತದೆ. ಕಿತ್ತರೆ ಚಿತ್ರದ ಪದರವೇ ಎದ್ದು ಬರುತ್ತದೆ. ಕೀಳಬೇಡಿ, ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಲೂ ಬೇಡಿ. ಆಲ್ಬಂ ಸಮೇತ ಜಗಲಿಯ ನೆರಳಿಗೆ ತಂದು, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಪುಟಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಸಾಗರ ಪೇಟೆಗೆ ಒಯ್ಯಲು ಮನೆಯವರು ಒಪ್ಪಿದರೆ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ. ವಾಟ್ಸಾಪಿನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಕುಗ್ಗಿಬಿಡುತ್ತದೆ. ಅಚ್ಚಿನಲ್ಲಿ 5 ಅಂಗುಲ ಅಗಲ ಬೇಕಾದರೆ ಕನಿಷ್ಠ 1500 ಪಿಕ್ಸೆಲ್ ಇರಬೇಕು.

ಆಲ್ಬಂ ತೆರೆದಾಗಲೇ ಮಾತೂ ಆಗಲಿ. “ಅವರು ಎಂಥವರು?” ಅಂತ ಕೇಳಬೇಡಿ, “ಭಾರೀ ಒಳ್ಳೇರು” ಅನ್ನುವಲ್ಲಿಗೆ ಮುಗಿಯುತ್ತದೆ. ಕುಂಚ ತಂದಿದ್ದರೋ, ಇಲ್ಲೇ ಕಟ್ಟಿದರೋ? ಜತೆಗೆ ಯಾರು ಕೂತರು? ಬರೆಯುವಾಗ ಯಾವ ಹಾಡು ಹೇಳಿದರು? ಹೋಗುವಾಗ ಏನು ಕೊಟ್ಟಿರಿ, ತಗೊಂಡರೋ? ಹೀಗೆ ಕೇಳಿ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರು ತಪ್ಪಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಅಕ್ಕಿ ಅರೆದುಕೊಟ್ಟವರನ್ನು, ಬಣ್ಣದ ಬಟ್ಟಲು ಹಿಡಿದು ಕೂತ ಹುಡುಗಿಯನ್ನು ಬಿಡಬೇಡಿ. ಮನೆಯವರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ. ರೆಕಾರ್ಡ್ ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತು, ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಪುಸ್ತಕ ಡೆಮಿ 1/8 ಆಕಾರದಲ್ಲಿ, ಅಂದರೆ ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆಯಲ್ಲಿ, 48 ಪುಟ ಸಾಕು. ಒಟ್ಟಿಗೆ ಅಚ್ಚಾಗುವ 16 ಪುಟದ ಕಂತೆ, ಅಂದರೆ ಫಾರಂ, ಮೂರು; ನಡುವೆ ಪಿನ್ನು. ಮಡಚಿದ ಒಂದು ಹಾಳೆಗೆ ನಾಲ್ಕು ಪುಟ. ಹಾಗಾಗಿ 50 ಪುಟ ಅಂದರೆ ಪ್ರೆಸ್ಸಿನವರು 52 ಮಾಡಬೇಕಾಗುತ್ತದೆ, ಎರಡು ಪುಟ ಖಾಲಿ. ನಡುಪಿನ್ನಿನ ಪುಸ್ತಕದಲ್ಲಿ 24, 25ನೇ ಪುಟ ಒಂದೇ ಹಾಳೆ, ತೆರೆದರೆ ಎದುರುಬದುರು. ಚೆನ್ನಾಗಿ ಬಂದ ಹಸೆಯನ್ನು ಅಲ್ಲಿ ಹಾಕಿದರೆ ಎಳೆ ಎಲ್ಲೂ ಕಡಿಯುವುದಿಲ್ಲ. ಬೇರೆ ಎದುರುಬದುರು ಪುಟಗಳಲ್ಲಿ ಹಾಕಿದರೆ ನಡುವೆ ಜೋಡಣೆ ತಪ್ಪುವುದುಂಟು. ಬಣ್ಣಕ್ಕೆ ದುಡ್ಡು ಸಾಲದಿದ್ದರೆ ಆ ಒಂದು ಹಾಳೆಗೆ, ಅಂದರೆ 23ರಿಂದ 26ಕ್ಕೆ ಮಾತ್ರ ಬಣ್ಣ ಹೇಳಿ. ಕೆಮ್ಮಣ್ಣಿನ ಕೆಂಪು ಅಚ್ಚಿನಲ್ಲಿ ಕಂದಾಗುವುದುಂಟು. ಕಾಗದದ ಮೇಲೆ ಪ್ರೂಫ್ ಕೇಳಿ ಪಡೆಯಿರಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿದ್ದಾದರೆ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು. ಮನೆ ಹೆಸರು, ಊರ ಹೆಸರುಗಳನ್ನು ಒಬ್ಬರು ಓದಿ ಒಬ್ಬರು ತಾಳೆ ನೋಡಿ.

ಲೇಖನವನ್ನೂ ಇನ್ನೊಮ್ಮೆ ಕಳಿಸಿ. ನಾನೂರು ಪದ ಸಾಕು, ಆದರೆ ಆಲ್ಬಂನ ಒಂದು ಫೋಟೊ ಜತೆಗಿರಲಿ, ಅದರಲ್ಲಿ ಕೂತ ದಂಪತಿಯ ಒಪ್ಪಿಗೆಯೂ. ದೊಡ್ಡಮ್ಮ ಕಟ್ಟಿದ ಕುಂಚ ಈಗ ಯಾರ ಮನೆಯಲ್ಲಿದೆ ಅನ್ನುವುದನ್ನು ನೀವು ಬರೆದಿರಲಿಲ್ಲ. ವಿಚಾರಿಸಿ.