ಜಂತುಹುಳುವಿನ ಮಾತ್ರೆ ಮಿದುಳಿಗೆ ತಟ್ಟುತ್ತದೆಯೇ?

ಪ್ರಶ್ನೆ: ಡಾಕ್ಟರೇ, ಶಾಲೆಯಲ್ಲಿ ಕೊಟ್ಟ ಜಂತುಹುಳುವಿನ ಮಾತ್ರೆ ಅಗಿದು ತಿಂದ ಮಗಳು ಸಂಜೆ ಮಂಕಾಗಿ ಮಲಗಿದಳು. ಬೆಳಿಗ್ಗೆ ಸರಿಹೋದಳು. ಮಿದುಳಿಗೆ ಪೆಟ್ಟಾಗಿರಬಹುದೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಗಾಬರಿ ಬೇಡ ತಾಯಿ. ಆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಹೆಚ್ಚಿನ ಪಾಲು ಕರುಳಿನಲ್ಲೇ ಉಳಿದು, ಹುಳು ಸಕ್ಕರೆ ಹೀರದಂತೆ ಮಾಡುತ್ತದೆ. (ಚಿಕ್ಕಂದಿನಲ್ಲಿ ನನಗೆ ಸಿಕ್ಕಿದ್ದು ಹರಳೆಣ್ಣೆ, ಇದು ಎಷ್ಟೋ ವಾಸಿ.) ನರಕ್ಕೇ ಕೈಹಾಕುವುದು ಪೈರಾಂಟೆಲ್ ಎಂಬ ಇನ್ನೊಂದು ಹುಳುಮದ್ದು, ಅದೂ ಹುಳುವಿನ ನರಕ್ಕೆ: ನರದ ಸಂದೇಶವನ್ನು ಸ್ನಾಯುವಿನಲ್ಲಿ ಹಿಡಿಯುವ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ಕೆರಳಿಸಿ ಹುಳು ಸೆಟೆದುಕೊಳ್ಳುವಂತೆ ಮಾಡುತ್ತದೆ.

ನಿಜವಾಗಿ ಮಂಕು ಕವಿಸುವುದು ಹುಳುವೇ. ಕೊಕ್ಕೆಹುಳು ರಕ್ತ ಹೀರಿದರೆ ಕಬ್ಬಿಣ ಕುಸಿಯುತ್ತದೆ. ಮಿದುಳಿನ ಸಂದೇಶವಾಹಕ ರಾಸಾಯನಿಕಗಳಾದ ಡೋಪಮಿನ್, ಸೆರೊಟೋನಿನ್ ತಯಾರಿಸುವ ಕಿಣ್ವಗಳಿಗೆ ಕಬ್ಬಿಣ ಬೇಕೇ ಬೇಕು. ಮಗಳ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಬಿಳಚಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಿಂದೆ ಫಿಟ್ಸ್ ಬಂದಿದ್ದರೆ ಮಾತ್ರ ಮುಂದಿನ ಮಾತ್ರೆಗೆ ಮೊದಲು ವೈದ್ಯರಿಗೆ ತಿಳಿಸಿ. ಮಿದುಳಿನಲ್ಲಿ ಲಾಡಿಹುಳುವಿನ ಮರಿಗಳಿದ್ದರೆ, ರಕ್ತಕ್ಕೆ ಸೇರುವ ಅಲ್ಪ ಮದ್ದಿನಿಂದ ಅವು ಸಾಯುವಾಗ ಊತವೆದ್ದು ಫಿಟ್ಸ್ ಮರಳಬಹುದು.