ಮುಚ್ಚಿದ ಪೆಟ್ಟಿಗೆಯಲ್ಲೂ ಲೆನ್ಸ್ ಕೆಡುವುದೇಕೆ?

ಪ್ರಶ್ನೆ: ನಮ್ಮ 1064 ನ್ಯಾನೋಮೀಟರ್ ಲೇಸರಿನ ಲೆನ್ಸುಗಳಿಗೆ ಸೋಲ್-ಜೆಲ್ ಸಿಲಿಕಾ ಲೇಪವಿದೆ (ದ್ರಾವಣದಿಂದ ಕೂರಿಸುವ, ಪ್ರತಿಫಲನ ತಡೆಯುವ ತೆಳು ಪದರ). ಪೆಟ್ಟಿಗೆ ತೆರೆಯುವುದೇ ಇಲ್ಲ, ಆದರೂ ತಿಂಗಳು ಕಳೆದಂತೆ ಬೆಳಕು ಕುಗ್ಗುತ್ತಿದೆ. ಆಪ್ಟಿಕಲ್ ಫೈಬರ್‌ನಿಂದ ಕಾರಣ ಪತ್ತೆ ಮಾಡಬಹುದೇ?

ಉತ್ತರ: ಮಾಡಬಹುದು. ತೆರೆಯದಿರುವುದೇ ಇಲ್ಲಿ ಮುಳುವಾಗಿರಬಹುದು. ಆ ಲೇಪದ ತುಂಬ ಸೂಕ್ಷ್ಮ ರಂಧ್ರಗಳು; ಅರ್ಧದಷ್ಟು ಬರೀ ಗಾಳಿ. ಅದಕ್ಕೇ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) 1.22ರಷ್ಟು ಕಡಿಮೆ. ಪಿವಿಸಿ ವೈರು, ರಬ್ಬರ್ ಓ-ರಿಂಗ್, ಸಿಲಿಕೋನ್ ಗ್ರೀಸ್, ವ್ಯಾಕ್ಯೂಮ್ ಪಂಪಿನ ಎಣ್ಣೆ ಬಿಡುವ ಆವಿ ಹೊರಹೋಗಲಾಗದೆ ಆ ರಂಧ್ರಗಳಲ್ಲಿ ಕೂರುತ್ತದೆ. ಸೂಚ್ಯಂಕ ಏರುತ್ತದೆ, ಪ್ರತಿಫಲನ ಮರಳುತ್ತದೆ.

ಅದೇ ಲೇಪವನ್ನು ಫೈಬರ್ ತುದಿಗೆ ಹಾಕಿ ಪೆಟ್ಟಿಗೆಯೊಳಗಿಡಿ; ಆ ತುದಿಯೇ ಸೆನ್ಸರ್. ಸಿಂಗಲ್-ಮೋಡ್ ಫೈಬರನ್ನು (ಬೆಳಕು ಒಂದೇ ದಾರಿಯಲ್ಲಿ ಸಾಗುವಷ್ಟು ಸಣ್ಣ ತಿರುಳಿನದು) ಕ್ಲೀವರ್‌ನಲ್ಲಿ ನೇರವಾಗಿ ಕತ್ತರಿಸಿದರೆ ಲೇಪವಿಲ್ಲದ ತುದಿ ಶೇ. 3.4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಟೆಲಿಕಾಂ ಬಿಡಿಭಾಗ ಸುಲಭವಾಗಿ ಸಿಗುವುದರಿಂದ 1310 ನ್ಯಾನೋಮೀಟರ್ ಎಲ್‌ಇಡಿ ಬಳಸಿ; ಆಗ ಲೇಪ ಸುಮಾರು 270 ನ್ಯಾನೋಮೀಟರ್ ಇರಬೇಕು, ನಿಮ್ಮ ಲೆನ್ಸಿನದಕ್ಕಿಂತ ದಪ್ಪ. ಸರಿಯಾಗಿ ಕೂತರೆ ಪ್ರತಿಫಲನ ಶೇ. 0.02ಕ್ಕೆ ಇಳಿಯುತ್ತದೆ. ತುದಿಯಲ್ಲಿ ಹನಿ ನಿಂತು ಒಣಗಿದ್ದರೆ ಇಳಿಯುವುದಿಲ್ಲ. ಕತ್ತರಿಸಿ ಮತ್ತೆ ಲೇಪದ ದ್ರಾವಣದಲ್ಲಿ ಅದ್ದಿ. ಮುಂದೆ ಆವಿ ತುಂಬಿ ಸೂಚ್ಯಂಕ 1.30 ಆದರೆ ಪ್ರತಿಫಲನ ಶೇ. 0.5 ದಾಟುತ್ತದೆ, ಅಂದರೆ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಲೆನ್ಸಿನಲ್ಲಿ ಕಣ್ಣಿಗೆ ಕಾಣದ್ದು ಇಲ್ಲಿ ಮೀಟರಿನಲ್ಲಿ ಕಾಣುತ್ತದೆ.

ಜೋಡಣೆಗೆ ಬೆಳಕನ್ನು ಎರಡು ಸಮಪಾಲು ಮಾಡುವ 50:50 ಕಪ್ಲರ್ ಸಾಕು: ಒಂದು ಕಡೆಯ ಎರಡು ಎಳೆಗಳಿಗೆ ಎಲ್‌ಇಡಿ ಮತ್ತು ಬೆಳಕು ಅಳೆಯುವ ಫೋಟೋಡಯೋಡ್, ಇನ್ನೊಂದು ಕಡೆಯ ಒಂದಕ್ಕೆ ಸೆನ್ಸರ್ ತುದಿ. ಎಡವುವುದು ಉಳಿದ ನಾಲ್ಕನೇ ಎಳೆಯಲ್ಲಿ. ಅದನ್ನು ಹಾಗೇ ಬಿಟ್ಟರೆ ಅದರ ಶೇ. 3.4 ಪ್ರತಿಫಲನದಲ್ಲಿ ನಿಮ್ಮ ಸಂಕೇತವೇ ಮುಳುಗಿಹೋಗುತ್ತದೆ. ತುದಿಯನ್ನು ಗಾಜಿನಷ್ಟೇ ಸೂಚ್ಯಂಕವಿರುವ ಇಂಡೆಕ್ಸ್-ಮ್ಯಾಚಿಂಗ್ ಜೆಲ್‌ನಲ್ಲಿ ಅದ್ದಿಡಿ. ಕನೆಕ್ಟರ್ ಬೇಕೇಬೇಕೆಂದರೆ ಹಸಿರು ಬಣ್ಣದ ಎಪಿಸಿ (ತುದಿ ಓರೆಯಾಗಿ ಉಜ್ಜಿದ್ದು) ಹಾಕಿ. ಎಲ್‌ಇಡಿ ಬದಲು ಲೇಸರ್ ಡಯೋಡ್ ಹಾಕಬೇಡಿ, ಪುಟ್ಟ ಪ್ರತಿಫಲನಗಳೆಲ್ಲ ಬೆರೆತು ಓದುವಿಕೆ ಕುಣಿಯುತ್ತದೆ. ಮುಖ್ಯ ಲೇಸರ್ ಆರಿಸಿಯೇ ಅಳೆಯಿರಿ. ಫೋಟೋಡಯೋಡಿಗೆ 1064 ಕೂಡ ಕಾಣುತ್ತದೆ.

ನೀರಾವಿಯೂ ರಂಧ್ರಕ್ಕೆ ಇಳಿಯುತ್ತದೆ. ಓದುವಿಕೆ ಏರಿದ ಕೂಡಲೇ ಎಣ್ಣೆಯನ್ನು ದೂರಬೇಡಿ; ಒಣ ನೈಟ್ರೋಜನ್ ಹಾಯಿಸಿ ನೋಡಿ. ಹಳೆಯ ಮಟ್ಟಕ್ಕೆ ಇಳಿದರೆ ತೇವ, ಇಳಿಯದಿದ್ದರೆ ಎಣ್ಣೆ. ಆಮೇಲೆ ವೈರು, ಓ-ರಿಂಗ್‌ಗಳನ್ನು ಒಂದೊಂದಾಗಿ ತುದಿಯ ಜೊತೆ ಗಾಜಿನ ಜಾಡಿಯಲ್ಲಿ ಮುಚ್ಚಿಟ್ಟು ನೋಡಿದರೆ ಕಳ್ಳ ಸಿಗುತ್ತಾನೆ.

ಪ್ರಶ್ನೆ: ಇದೇ ತುದಿ ದೂಳನ್ನೂ ಹಿಡಿಯುತ್ತದೆಯೇ?

ಉತ್ತರ: ಇಲ್ಲವೆಂದೇ ಇಟ್ಟುಕೊಳ್ಳಿ. ಬೆಳಕು ಹಾಯುವ ಜಾಗ 9 ಮೈಕ್ರೋಮೀಟರ್ ಅಗಲ. ದೂಳು ಸರಿಯಾಗಿ ಅಲ್ಲೇ ಬಂದು ಕೂರುವುದು ಅಪರೂಪ. ತುದಿಯನ್ನು ಒರೆಸಲೂ ಹೋಗಬೇಡಿ, ಲೇಪವೇ ಕಿತ್ತುಬರುತ್ತದೆ.